ಇನ್ನೊಂದು ಬಾಟಲಿ ಸಲೈನ್ ಹಾಕಬೇಕೇ?



ಐಸಿಯು ಎಂದ ಕೂಡಲೇ ನಮ್ಮ ಜನರ ಕಣ್ಣಿಗೆ ಕಟ್ಟುವುದು ನಳಿಕೆಗಳು. ಮೂಗಿಗೊಂದು, ಬಾಯಿಗೊಂದು, ಕುತ್ತಿಗೆಗೊಂದು, ಮೂತ್ರಕ್ಕೊಂದು. ಹೊರಗೆ ಕಾದು ಕೂತ ಮನೆಯವರನ್ನು ಸ್ವಲ್ಪ ಹೊತ್ತು ಒಳಗೆ ಬಿಟ್ಟಾಗ ಅವರು ರೋಗಿಯ ಮುಖಕ್ಕಿಂತ ಮೊದಲು ಈ ನಳಿಕೆಗಳನ್ನೇ ನೋಡುತ್ತಾರೆ. ‘ಇಷ್ಟೆಲ್ಲ ಚುಚ್ಚಲೇಬೇಕಿತ್ತಾ ಡಾಕ್ಟ್ರೇ?’ ಎಂದು ಕೇಳುತ್ತಾರೆ. ತಿಳಿಯದವರ ಪ್ರಶ್ನೆ ಎಂದು ಇದನ್ನು ತಳ್ಳಿಹಾಕಬಾರದು. ಕಳೆದ ಐವತ್ತು ವರ್ಷಗಳಲ್ಲಿ ತೀವ್ರ ನಿಗಾ ವೈದ್ಯಶಾಸ್ತ್ರ ತನ್ನನ್ನು ತಾನು ಕೇಳಿಕೊಂಡ ಬಹುದೊಡ್ಡ ಪ್ರಶ್ನೆ ಇದೇ. ಹೃದಯದ ಕೆಲಸವನ್ನು ಅಳೆಯುವ ವಿಚಾರದಲ್ಲಿ ಆ ಪ್ರಶ್ನೆ ನಮ್ಮನ್ನು ಎಲ್ಲಿಂದ ಎಲ್ಲಿಗೆ ತಂದಿದೆ ಎಂಬುದನ್ನು ಇವತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅಳೆಯಬೇಕಾದದ್ದು ಏನು ಎಂಬುದನ್ನು ಮೊದಲು ನೋಡೋಣ. ಆರೋಗ್ಯವಾಗಿರುವ ವಯಸ್ಕರ ಹೃದಯ ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೊರಕ್ಕೆ ತಳ್ಳುತ್ತದೆ. ಬಿಪಿ ನೋಡಿದರೆ ಇದು ತಿಳಿಯುವುದಿಲ್ಲ. ಬಿಪಿ ಹೇಳುವುದು ಒತ್ತಡವನ್ನು. ಮೂತ್ರಪಿಂಡಕ್ಕೂ ಮಿದುಳಿಗೂ ಕರುಳಿಗೂ ಬೇಕಾದದ್ದು ಹರಿವು. ರಕ್ತನಾಳಗಳು ಬಿಗಿದುಕೊಂಡಿದ್ದರೆ ಹರಿವು ಎಷ್ಟೋ ಕಡಿಮೆಯಾಗಿದ್ದರೂ ಬಿಪಿ ಸರಿಯಾಗಿಯೇ ಕಾಣಬಹುದು. ಇನ್ನು ಬಿಪಿ ಕುಸಿದಾಗ ಅದಕ್ಕೆ ಕಾರಣ ಒಂದೇ ಅಲ್ಲ. ಬಾವಿಯಲ್ಲಿ ನೀರು ತಗ್ಗಿರಬಹುದು, ಪಂಪೇ ಸೋತಿರಬಹುದು, ಇಲ್ಲವೇ ಪೈಪುಗಳೆಲ್ಲ ಸಡಿಲವಾಗಿ ಹಿಗ್ಗಿ ಒತ್ತಡ ನಿಲ್ಲದೆ ಹೋಗಿರಬಹುದು. ಮೊದಲನೆಯದಕ್ಕೆ ಸಲೈನ್ ಬೇಕು, ಎರಡನೆಯದಕ್ಕೆ ಹೃದಯಕ್ಕೆ ಬಲ ಕೊಡುವ ಡೊಬ್ಯುಟಮಿನ್‌ನಂಥ ಔಷಧ ಬೇಕು, ಮೂರನೆಯದಕ್ಕೆ ನಾಳಗಳನ್ನು ಬಿಗಿ ಮಾಡುವ ನಾರ್‌ಅಡ್ರಿನಲಿನ್ ಬೇಕು. ನಂಜೇರಿದ ರೋಗಿಯಲ್ಲಿ ಈ ಮೂರೂ ಒಟ್ಟಿಗೇ ಇರಬಹುದು, ಅವುಗಳ ಪಾಲು ಗಂಟೆಗಂಟೆಗೂ ಬದಲಾಗಬಹುದು.

ಹಾಗಾಗಿ ಐಸಿಯುನಲ್ಲಿ ರಾತ್ರಿಯಿಡೀ ಮತ್ತೆ ಮತ್ತೆ ಎದುರಾಗುವುದು ಒಂದೇ ಪ್ರಶ್ನೆ: ಇನ್ನೊಂದು ಬಾಟಲಿ ಸಲೈನ್ ಹಾಕಬೇಕೇ, ಬೇಡವೇ? ಡ್ರಿಪ್ಸ್ ಹಾಕಿಸಿದರೆ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದೇನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಇದು ನಿಜವಲ್ಲ. ಶಾಕ್‌ನಲ್ಲಿರುವ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದೆ ಬಳಲುತ್ತಿರುವ ರೋಗಿಗಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಲೈನ್ ಹಾಕಿದ ಮೇಲೆ ಹೃದಯದ ಹರಿವು ನಿಜವಾಗಿ ಹೆಚ್ಚಿದ್ದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಉಳಿದವರಲ್ಲಿ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಕರುಳಿನ ಗೋಡೆಯಲ್ಲಿ ಬಾವು ತರುತ್ತದೆ, ಕೈಕಾಲು ಊದಿಸುತ್ತದೆ. ಉಗಾಂಡ, ಕೆನ್ಯಾ, ಟಾಂಜಾನಿಯಗಳಲ್ಲಿ ತೀವ್ರ ಜ್ವರದಿಂದ ಬಳಲುತ್ತಿದ್ದ, ರಕ್ತಸಂಚಾರ ಕುಂದಿದ್ದ 3141 ಮಕ್ಕಳ ಮೇಲೆ ನಡೆದ ಫೀಸ್ಟ್ ಎಂಬ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವೇಗವಾಗಿ ಸಲೈನ್ ಹಾಕಿಸಿಕೊಂಡ ಮಕ್ಕಳಲ್ಲಿ ಎರಡು ದಿನದೊಳಗೆ ನೂರಕ್ಕೆ 10.5 ಮಂದಿ ತೀರಿಕೊಂಡರು. ಹಾಗೆ ಹಾಕದೆ ಇದ್ದವರಲ್ಲಿ 7.3. ಅದನ್ನು ಓದಿದಾಗ ಜಗತ್ತಿನ ವೈದ್ಯರು ದಂಗಾದರು. ಆ ಮಕ್ಕಳಿದ್ದದ್ದು ವೆಂಟಿಲೇಟರ್ ಕೂಡ ಇಲ್ಲದ ಆಸ್ಪತ್ರೆಗಳಲ್ಲಿ ಎಂಬುದು ನಿಜ. ಆದರೂ ಆ ಅಂಕಿಗಳನ್ನು ಮರೆಯುವ ಹಕ್ಕು ನಮ್ಮ ಯಾರಿಗೂ ಇಲ್ಲ.

ಅಂದಮೇಲೆ ಹೃದಯದ ಹರಿವನ್ನು ಅಳೆಯಲೇಬೇಕು. ಹೇಗೆ?

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ, ಮೇಲಿನವರು ಬೇಡವೆಂದರೂ ಕೇಳದೆ, ತನ್ನ ಮೊಣಕೈಯ ರಕ್ತನಾಳವನ್ನು ತಾನೇ ಕೊಯ್ದು 65 ಸೆಂಟಿಮೀಟರ್‌ನಷ್ಟು ನಳಿಕೆಯನ್ನು ಒಳಕ್ಕೆ ತಳ್ಳಿದ. ಆ ಸ್ಥಿತಿಯಲ್ಲೇ ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ನಳಿಕೆಯ ತುದಿ ಹೃದಯದ ಬಲಭಾಗದಲ್ಲಿದೆ ಎಂದು ತೋರಿಸಿದ. ಜೀವಂತ ಮನುಷ್ಯನ ಹೃದಯವನ್ನು ಮುಟ್ಟಿದರೆ ಸಾವೇ ಗತಿ ಎಂದು ನಂಬಿದ್ದ ಕಾಲ ಅದು. ಅಮೆರಿಕದ ಕೂರ್ನಾನ್ ಮತ್ತು ರಿಚರ್ಡ್ಸ್ ಅವರ ಜೊತೆಗೆ ಅವನಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ಎಕ್ಸ್‌ರೇ ಕೆಳಗೆ ನಳಿಕೆ ತೂರಿಸುವುದು ಬೇರೆ, ನರಳುತ್ತಿರುವ ರೋಗಿಯ ಹಾಸಿಗೆಯ ಬಳಿಯೇ ಅದನ್ನು ಮಾಡುವುದು ಬೇರೆ. ಲಾಸ್ ಏಂಜಲೀಸ್‌ನ ಹೃದ್ರೋಗತಜ್ಞ ಜೆರೆಮಿ ಸ್ವಾನ್ 1967ರಲ್ಲಿ ಸಾಂಟಾ ಮೋನಿಕಾದ ಕಡಲತೀರದಲ್ಲಿ ಮಕ್ಕಳೊಂದಿಗೆ ಇದ್ದಾಗ ಹಾಯಿದೋಣಿಗಳನ್ನು ನೋಡಿದರು. ಗಾಳಿ ಇಲ್ಲದೆ ಬೇರೆ ದೋಣಿಗಳು ನಿಂತಿದ್ದರೂ ಅಗಲವಾದ ಹಾಯಿ ಬಿಚ್ಚಿದ ಒಂದು ದೋಣಿ ಮಾತ್ರ ಮುಂದೆ ಸಾಗುತ್ತಿತ್ತು. ನಳಿಕೆಯ ತುದಿಗೂ ಹಾಗೆ ಏನಾದರೂ ಕಟ್ಟಿದರೆ ರಕ್ತದ ಹರಿವೇ ಅದನ್ನು ಒಯ್ಯಬಹುದಲ್ಲ ಎಂದು ಹೊಳೆಯಿತೆಂದು ಅವರೇ ಹೇಳಿದ್ದಾರೆ. ಹಾಯಿಯ ಬದಲು ಪುಟ್ಟ ಬಲೂನು ಬಂತು. ವಿಲಿಯಂ ಗಾಂಜ್ ಜೊತೆಗೂಡಿ 1970ರಲ್ಲಿ ಅದನ್ನು ಪ್ರಕಟಿಸಿದರು. ಸ್ಲೊವಾಕಿಯದಲ್ಲಿ ಹುಟ್ಟಿ, ಯಹೂದಿಗಳ ನರಮೇಧದಿಂದ ಬದುಕುಳಿದು ಅಮೆರಿಕಕ್ಕೆ ಬಂದವರು ಗಾಂಜ್. ತಣ್ಣನೆಯ ಸಲೈನನ್ನು ಹೃದಯದ ಮೇಲ್ಕೋಣೆಯಲ್ಲಿ ಬಿಟ್ಟು, ಅದು ನಳಿಕೆಯ ತುದಿಯನ್ನು ದಾಟುವಾಗ ಉಷ್ಣತೆ ಎಷ್ಟು ಇಳಿದು ಎಷ್ಟು ಬೇಗ ಏರಿತು ಎಂಬುದರಿಂದ ಹರಿವನ್ನು ಲೆಕ್ಕಹಾಕುವ ವಿಧಾನವನ್ನು ಈ ನಳಿಕೆಗೆ ಹೊಂದಿಸಿದವರೂ ಅವರೇ.

ಸ್ವಾನ್-ಗಾಂಜ್ ಕ್ಯಾತಿಟರ್ ಎಂದರೆ ಒಂದು ಕಾಲಕ್ಕೆ ಐಸಿಯು ಎಂಬುದರ ಗುರುತೇ ಆಗಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳದಿಂದ ಒಳಹೊಕ್ಕು, ಹೃದಯದ ಬಲಭಾಗದ ಎರಡೂ ಕೋಣೆಗಳನ್ನು ದಾಟಿ, ಶ್ವಾಸಕೋಶಕ್ಕೆ ಹೋಗುವ ಧಮನಿಯಲ್ಲಿ ದಿನಗಟ್ಟಲೆ ಉಳಿಯುವ ನಳಿಕೆ ಅದು. ಅದರಿಂದ ಬರುವ ಅಂಕಿಗಳು ಸಮೃದ್ಧ. ತೊಂದರೆಗಳೂ ಹಾಗೆಯೇ: ಕುತ್ತಿಗೆ ಚುಚ್ಚುವಾಗ ಧಮನಿಗೆ ತಗಲಬಹುದು, ಶ್ವಾಸಕೋಶದ ಹೊದಿಕೆ ತೂತಾಗಿ ಗಾಳಿ ತುಂಬಬಹುದು, ಹೃದಯದ ಬಡಿತ ತಪ್ಪಬಹುದು, ನಂಜು ಹತ್ತಬಹುದು, ಅಪರೂಪಕ್ಕೆ, ತೀರ ಅಪರೂಪಕ್ಕೆ, ಶ್ವಾಸಕೋಶದ ಧಮನಿಯೇ ಬಿರಿಯಬಹುದು.

ಇಷ್ಟು ಅಪಾಯ ಹೊತ್ತು ಪಡೆದ ಅಂಕಿಯಿಂದ ರೋಗಿ ಬದುಕುತ್ತಾನೆಯೇ? ಆಶ್ಚರ್ಯವೆಂದರೆ ಇದನ್ನು ಪರೀಕ್ಷಿಸಲು ಕಾಲು ಶತಮಾನ ಹಿಡಿಯಿತು. ಕೆನಡಾದ ಒಂಟಾರಿಯೊದಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿದರು; 1991ರಲ್ಲಿ ಬಂದ ಅದರ ವರದಿಯಂತೆ, ತಕ್ಕವರೆಂದು ಕಂಡ 148 ರೋಗಿಗಳಲ್ಲಿ ಸೇರಿಸಿಕೊಳ್ಳಲು ಸಾಧ್ಯವಾದದ್ದು 33 ಮಂದಿಯನ್ನು ಮಾತ್ರ. ಕ್ಯಾತಿಟರ್ ಹಾಕದೆ ಬಿಡುವುದು ಅನ್ಯಾಯ ಎಂದು ಅನೇಕ ವೈದ್ಯರು ಒಪ್ಪಲೇ ಇಲ್ಲ. ಅದೇ ಹೊತ್ತಿಗೆ, 1990ರಲ್ಲಿ, ಉತ್ತರ ಅಮೆರಿಕದ 496 ವೈದ್ಯರಿಗೆ ಈ ಕ್ಯಾತಿಟರ್ ಬಗ್ಗೆಯೇ 31 ಪ್ರಶ್ನೆಗಳ ಪರೀಕ್ಷೆ ಕೊಟ್ಟಾಗ ಸರಾಸರಿ ಅಂಕ ನೂರಕ್ಕೆ 67 ಬಂತು. ಅಂದರೆ ನಳಿಕೆ ಕೊಡುವ ಅಂಕಿಯನ್ನು ಓದುವವರೇ ಎಷ್ಟೋ ಸಲ ತಪ್ಪಾಗಿ ಓದುತ್ತಿದ್ದರು. ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಹೃದಯ ಇರುವುದು ಇಲ್ಲೇ. ಉಪಕರಣ ಒಳ್ಳೆಯದೇ ಇತ್ತು. ಆದರೆ ಅದು ಕೊಟ್ಟ ಅಂಕಿಗೂ ರೋಗಿಗೆ ಕೊಡುವ ಚಿಕಿತ್ಸೆಗೂ ನಡುವಿನ ಸೇತುವೆಯನ್ನು ಯಾರೂ ಪರೀಕ್ಷಿಸಿರಲಿಲ್ಲ.

1996ರಲ್ಲಿ ಆಲ್ಫ್ರೆಡ್ ಕಾನರ್ಸ್ ಮತ್ತು ಸಂಗಡಿಗರು ಅಮೆರಿಕದ 5 ಬೋಧನಾ ಆಸ್ಪತ್ರೆಗಳ 5735 ರೋಗಿಗಳ ದಾಖಲೆಗಳನ್ನು ಹೋಲಿಸಿ, ಕ್ಯಾತಿಟರ್ ಹಾಕಿಸಿಕೊಂಡವರಲ್ಲಿ ಸಾವೂ ಹೆಚ್ಚು, ಖರ್ಚೂ ಹೆಚ್ಚು ಎಂದು ತೋರಿಸಿದರು. ವೈದ್ಯಲೋಕದಲ್ಲಿ ದೊಡ್ಡ ಗಲಾಟೆಯೇ ಎದ್ದಿತು. ಆಮೇಲೆ ಸರಿಯಾದ ಪ್ರಯೋಗಗಳು ನಡೆದವು. ಬ್ರಿಟನ್ನಿನ 65 ಐಸಿಯುಗಳಲ್ಲಿ 1041 ರೋಗಿಗಳ ಮೇಲೆ ನಡೆದ ಪ್ಯಾಕ್-ಮ್ಯಾನ್ ಅಧ್ಯಯನ 2005ರಲ್ಲಿ ಬಂತು. ಆಸ್ಪತ್ರೆಯಲ್ಲಿ ಸತ್ತವರು ಕ್ಯಾತಿಟರ್ ಇದ್ದ ಗುಂಪಿನಲ್ಲಿ ನೂರಕ್ಕೆ 68, ಇಲ್ಲದ ಗುಂಪಿನಲ್ಲಿ 66. ವ್ಯತ್ಯಾಸವಿಲ್ಲ ಎಂದೇ ಅರ್ಥ. ಅಂದರೆ ಕ್ಯಾತಿಟರ್ ತಾನಾಗಿ ಯಾರನ್ನೂ ಕೊಲ್ಲುತ್ತಿರಲಿಲ್ಲ, ಉಳಿಸುತ್ತಲೂ ಇರಲಿಲ್ಲ. ಆದರೆ ಹಾಕಿಸಿಕೊಂಡ 486 ಜನರಲ್ಲಿ 46 ಮಂದಿಗೆ ಹಾಕುವಾಗಲೇ ಏನಾದರೊಂದು ತೊಡಕಾಗಿತ್ತು. ಅಮೆರಿಕದಲ್ಲಿ 1993ರಿಂದ 2004ರೊಳಗೆ ಇದರ ಬಳಕೆ ಸುಮಾರು ಮೂರನೇ ಒಂದಕ್ಕೆ ಇಳಿಯಿತು.

ಕುತ್ತಿಗೆಯ ನಾಳದಲ್ಲಿ ಗಿಡ್ಡ ನಳಿಕೆ ಇಟ್ಟು ಅಳೆಯುವ ಸಿವಿಪಿ ಎಂಬ ಒತ್ತಡದ ಕಥೆ ಇನ್ನೂ ವಿಚಿತ್ರ. ಸಿವಿಪಿ ಕಡಿಮೆಯಿದ್ದರೆ ಸಲೈನ್ ಹಾಕು, ಹೆಚ್ಚಿದ್ದರೆ ನಿಲ್ಲಿಸು ಎಂಬುದು ದಶಕಗಳ ಕಾಲ ಕಲಿಸಿದ ಪಾಠ. 2008ರಲ್ಲಿ ಪಾಲ್ ಮಾರಿಕ್ ಮತ್ತು ಸಂಗಡಿಗರು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ದೇಹದಲ್ಲಿರುವ ರಕ್ತದ ಪ್ರಮಾಣವನ್ನು ಸಿವಿಪಿ ಸರಿಯಾಗಿ ತೋರಿಸಿದ ಅಧ್ಯಯನ ಅವರಿಗೆ ಸಿಕ್ಕಿದ್ದು ಒಂದೇ, ಅದೂ ಎಚ್ಚರವಾಗಿ ನಿಂತಿದ್ದ ಏಳು ಹೆಣ್ಣುಕುದುರೆಗಳ ಮೇಲೆ ನಡೆದದ್ದು.

ಹಾಗಾದರೆ ಚುಚ್ಚದೆ ಅಳೆಯುವುದು ಹೇಗೆ? ಉತ್ತರ ಬಂದದ್ದು ಹಡಗು ಕಟ್ಟುವ ಊರಿನಿಂದ. ಸ್ವೀಡನ್ನಿನ ಲುಂಡ್ ನಗರದ ಹೃದಯತಜ್ಞ ಇಂಗೆ ಎಡ್ಲರ್ ಅವರಿಗೆ, ಕವಾಟದ ಶಸ್ತ್ರಚಿಕಿತ್ಸೆಗೆ ಕಳಿಸುವ ಮೊದಲು ಕವಾಟ ಹೇಗಿದೆ ಎಂದು ತಿಳಿಯಬೇಕಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಜ್ ಅವರು ಮಾಲ್ಮೊ ಊರಿನ ಹಡಗುಕಟ್ಟೆಯಲ್ಲಿ ಉಕ್ಕಿನ ಬಿರುಕು ಹುಡುಕಲು ಬಳಸುತ್ತಿದ್ದ ಶ್ರವಣಾತೀತ ಶಬ್ದದ ಯಂತ್ರವನ್ನು ತಮ್ಮದೇ ಎದೆಯ ಮೇಲಿಟ್ಟು ನೋಡಿದರು. 1953ರ ಅಕ್ಟೋಬರ್ 29ರಂದು, ಎರವಲು ತಂದ ಯಂತ್ರದಲ್ಲಿ, ಇಬ್ಬರೂ ಸೇರಿ ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಇವತ್ತು ನಾವು ‘ಎಕೋ ಮಾಡಿಸಿಕೊಂಡು ಬನ್ನಿ’ ಎನ್ನುವುದು ಆ ದಿನದ ಮುಂದುವರಿಕೆ.

ಎಕೋದಿಂದ ಹರಿವನ್ನು ಅಳೆಯುವ ಲೆಕ್ಕ ಶಾಲೆಯ ಮಕ್ಕಳಿಗೂ ಬರುವಂಥದ್ದು. ಹೃದಯದ ಎಡಗೋಣೆಯಿಂದ ರಕ್ತ ಹೊರಬೀಳುವ ಬಾಯಿ ಒಂದು ವೃತ್ತ. ಅದರ ವ್ಯಾಸ ಸುಮಾರು 2 ಸೆಂಟಿಮೀಟರ್, ಹಾಗಾಗಿ ವಿಸ್ತೀರ್ಣ 3 ಚದರ ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಒಂದೊಂದು ಬಡಿತಕ್ಕೂ ರಕ್ತ ಆ ಬಾಯಿಯಿಂದ ಎಷ್ಟು ದೂರ ಚಿಮ್ಮುತ್ತದೆ ಎಂಬುದನ್ನು ಎಕೋ ಯಂತ್ರದ ಡಾಪ್ಲರ್ ಅಳತೆ ಹೇಳುತ್ತದೆ. ಆರೋಗ್ಯವಂತರಲ್ಲಿ ಸುಮಾರು 20 ಸೆಂಟಿಮೀಟರ್. ಎರಡನ್ನೂ ಗುಣಿಸಿದರೆ ಬಡಿತಕ್ಕೆ 63 ಮಿಲಿಲೀಟರ್. ನಿಮಿಷಕ್ಕೆ 80 ಬಡಿತವಾದರೆ 5 ಲೀಟರ್. ಅಮೆರಿಕದ ನಳಿಕೆ ಧಮನಿಯೊಳಗೆ ಕೂತು ಹೇಳುತ್ತಿದ್ದ ಅದೇ ಉತ್ತರ, ಎದೆಯ ಮೇಲೆ ಒಂದಿಷ್ಟು ಜೆಲ್ ಸವರಿ ಪಡೆದದ್ದು. ಜೊತೆಗೆ ಇನ್ನೊಂದು ಲಾಭ: ಹೃದಯ ಕಣ್ಣಿಗೆ ಕಾಣುತ್ತದೆ. ಗೋಡೆ ಸರಿಯಾಗಿ ಕುಗ್ಗುತ್ತಿದೆಯೇ, ಸುತ್ತಲಿನ ಚೀಲದಲ್ಲಿ ನೀರು ತುಂಬಿ ಹೃದಯವನ್ನು ಒತ್ತುತ್ತಿದೆಯೇ, ಬಲಭಾಗ ಊದಿಕೊಂಡಿದೆಯೇ? ನಳಿಕೆ ಇದನ್ನೆಲ್ಲ ಸುತ್ತಿಬಳಸಿ ಊಹಿಸಬೇಕಿತ್ತು.

ಅದೇ ಯಂತ್ರವನ್ನು ಪಕ್ಕೆಲುಬಿನ ಮೇಲಿಟ್ಟರೆ ಶ್ವಾಸಕೋಶಕ್ಕೆ ನೀರು ಇಳಿದಿದೆಯೇ ಎಂಬುದೂ ತಿಳಿಯುತ್ತದೆ. ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಅವರು ವರ್ಷಗಳ ಕಾಲ ಹಠ ಹಿಡಿದು ಇದನ್ನು ಕಲಿಸಿದರು. ಪರದೆಯ ಮೇಲಿನಿಂದ ಕೆಳಕ್ಕೆ ಇಳಿಯುವ ಬಿಳಿ ಗೆರೆಗಳು ಒಂದಾದ ಮೇಲೊಂದು ಹೆಚ್ಚುತ್ತಾ ಬಂದರೆ, ಸಲೈನ್ ಸಾಕು ಎಂದು ಶ್ವಾಸಕೋಶವೇ ಹೇಳುತ್ತಿದೆ ಎಂದರ್ಥ.

ನಮ್ಮ ಕರ್ನಾಟಕಕ್ಕೆ ಇದು ಎಷ್ಟು ಬೇಕಾದ ವಿದ್ಯೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲ ಹಿಡಿಯಿತೆಂದರೆ ಐಸಿಯುಗಳಿಗೆ ಡೆಂಗಿ ರೋಗಿಗಳು ಬರುತ್ತಾರೆ. ಡೆಂಗಿಯಲ್ಲಿ ರಕ್ತನಾಳಗಳು ಸೋರುತ್ತವೆ, ಆಗ ಸಲೈನ್ ಕೊಡಲೇಬೇಕು. ಒಂದೆರಡು ದಿನ ಕಳೆದ ಮೇಲೆ ಸೋರಿದ ನೀರು ತಾನಾಗಿ ನಾಳಗಳಿಗೆ ಮರಳುತ್ತದೆ. ಆಗಲೂ ಹಾಕುತ್ತಲೇ ಹೋದರೆ ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೇ ಡೆಂಗಿ ಚಿಕಿತ್ಸೆಯ ಮುಕ್ಕಾಲು ಪಾಲು. ಆದರೆ ಆ ರೋಗಿಯ ಪ್ಲೇಟ್‌ಲೆಟ್ ಕುಸಿದಿರುತ್ತದೆ, ಕುತ್ತಿಗೆಗೆ ಸೂಜಿ ಹಾಕಿದರೆ ರಕ್ತ ನಿಲ್ಲುವುದಿಲ್ಲ. ಹೊಲದಲ್ಲಿ ಕೊಳಕುಮಂಡಲ ಕಚ್ಚಿಸಿಕೊಂಡು ಬರುವ ರೈತರ ಪಾಡೂ ಅದೇ. ವಿಷಕ್ಕೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಇಂಥವರಲ್ಲಿ ಚುಚ್ಚದೆ ನೋಡುವುದು ಅನುಕೂಲದ ಮಾತಲ್ಲ, ಜೀವದ ಮಾತು.

ಎಕೋ ಜೊತೆಗೆ ಮಾಡುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಜಾನ್-ಲೂಯಿ ತೆಬೂಲ್ ಮತ್ತು ಕ್ಸೇವಿಯೆ ಮೊನೆ ಇದನ್ನು ಶಾಸ್ತ್ರಬದ್ಧಗೊಳಿಸಿದವರಲ್ಲಿ ಮುಖ್ಯರು. ಒರಗಿ ಕೂತ ಭಂಗಿಯಲ್ಲಿರುವ ರೋಗಿಯ ಬೆನ್ನನ್ನು ಸಮತಟ್ಟು ಮಾಡಿ, ಹಾಸಿಗೆಯನ್ನೇ ವಾಲಿಸಿ ಕಾಲುಗಳನ್ನು 45 ಡಿಗ್ರಿ ಮೇಲೆತ್ತುತ್ತಾರೆ. ಕಾಲಿನ, ಹೊಟ್ಟೆಯ ನಾಳಗಳಲ್ಲಿದ್ದ ಸುಮಾರು 300 ಮಿಲಿಲೀಟರ್ ರಕ್ತ ಹೃದಯದತ್ತ ಹರಿಯುತ್ತದೆ. ಒಂದು ನಿಮಿಷದೊಳಗೆ ಹೃದಯದ ಹರಿವು ನೂರಕ್ಕೆ 10ರಷ್ಟು ಏರಿದರೆ, ಸಲೈನ್ ಹಾಕಿದರೆ ಪ್ರಯೋಜನವಿದೆ. ಏರದಿದ್ದರೆ ಕಾಲು ಕೆಳಗಿಳಿಸಿದರಾಯಿತು, ರಕ್ತ ಮೊದಲಿದ್ದಲ್ಲಿಗೆ ಹಿಂತಿರುಗುತ್ತದೆ. ಹೊರಗಿನಿಂದ ಒಂದು ಹನಿಯನ್ನೂ ಸೇರಿಸಲಿಲ್ಲ. ಸಲೈನ್ ಒಮ್ಮೆ ಒಳಗೆ ಹೋದರೆ ಹೊರಗೆ ತೆಗೆಯಲಾಗದು. ಈ ಪರೀಕ್ಷೆಯನ್ನು ಮಾತ್ರ ಮರಳಿ ಪಡೆಯಬಹುದು. ಒಂದು ಎಚ್ಚರ: ಬಿಪಿಯನ್ನಷ್ಟೇ ನೋಡಿ ತೀರ್ಮಾನಿಸಬಾರದು, ಹರಿವನ್ನೇ ಅಳೆಯಬೇಕು.

ಮಣಿಕಟ್ಟಿನ ಧಮನಿಯಲ್ಲಿಟ್ಟ ಸಣ್ಣ ನಳಿಕೆಯ ನಾಡಿ ಅಲೆಯ ಆಕಾರದಿಂದಲೇ ಹರಿವನ್ನು ಗಣಿಸುವ ಯಂತ್ರಗಳೂ ಇವೆ. ಅದರ ಮೂಲ ಚಿಂತನೆ 1899ರಲ್ಲಿ ಜರ್ಮನಿಯ ಓಟ್ಟೊ ಫ್ರಾಂಕ್ ಬರೆದದ್ದು. ಚೆಕ್ ದೇಶದ ಯಾನ್ ಪೆನಾಜ್ 1973ರಲ್ಲಿ ಬೆರಳಿಗೆ ತೊಡಿಸುವ ಪಟ್ಟಿಯಿಂದಲೇ ಆ ಅಲೆಯನ್ನು ಪಡೆಯುವ ದಾರಿ ತೋರಿಸಿದರು, ಅಲ್ಲಿಗೆ ಸೂಜಿಯೇ ಇಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇವು ಚೆನ್ನಾಗಿ ದುಡಿಯುತ್ತವೆ. ಆದರೆ ನಾರ್‌ಅಡ್ರಿನಲಿನ್ ಹೆಚ್ಚು ಪ್ರಮಾಣದಲ್ಲಿ ಹರಿಯುತ್ತಿರುವಾಗ, ಬಡಿತ ಏರುಪೇರಾಗಿರುವಾಗ, ನಾಳಗಳ ಬಿಗುವು ಕ್ಷಣಕ್ಷಣಕ್ಕೆ ಬದಲಾಗುವಾಗ ಇವುಗಳ ಲೆಕ್ಕ ಜಾರುತ್ತದೆ. ಐಸಿಯುನಲ್ಲಿ ಯಂತ್ರದ ನೆರವು ತೀರ ಬೇಕಾಗುವುದು ಅಂಥ ಹೊತ್ತಿನಲ್ಲೇ. ಪರದೆಯ ಮೇಲೆ ಅಂಕಿ ಹೊಳೆಯುತ್ತಿದೆ ಎಂದ ಮಾತ್ರಕ್ಕೆ ಅದನ್ನು ನಂಬಬೇಕಿಲ್ಲ.

ಇನ್ನು ಯಂತ್ರವೇ ಬೇಡದ ಒಂದು ಅಳತೆ. ರೋಗಿಯ ತೋರುಬೆರಳಿನ ತುದಿಯನ್ನು ಗಾಜಿನ ಸ್ಲೈಡಿನಿಂದ, ಚರ್ಮ ಬಿಳಿಚುವಷ್ಟು, 10 ಸೆಕೆಂಡು ಒತ್ತಿ ಹಿಡಿದು ಬಿಡಬೇಕು. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅಂಗಾಂಶಗಳಿಗೆ ರಕ್ತ ಸಾಲುತ್ತಿಲ್ಲ. ಅರ್ಜೆಂಟೀನ, ಚಿಲಿ, ಕೊಲಂಬಿಯ, ಈಕ್ವೆಡಾರ್, ಉರುಗ್ವೆ ದೇಶಗಳ 28 ಐಸಿಯುಗಳ ವೈದ್ಯರು 424 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧ ಜನರ ಚಿಕಿತ್ಸೆಯನ್ನು ರಕ್ತದ ಲ್ಯಾಕ್ಟೇಟ್ ಪರೀಕ್ಷೆ ನೋಡಿ ನಡೆಸಿದರು, ಇನ್ನರ್ಧ ಜನರದನ್ನು ಅರ್ಧ ಗಂಟೆಗೊಮ್ಮೆ ಬೆರಳು ಒತ್ತಿ ನೋಡಿ. 2019ರಲ್ಲಿ ಬಂದ ಫಲಿತಾಂಶದಂತೆ 28 ದಿನಗಳಲ್ಲಿ ಲ್ಯಾಕ್ಟೇಟ್ ಗುಂಪಿನಲ್ಲಿ ನೂರಕ್ಕೆ 43.4 ಜನ, ಬೆರಳಿನ ಗುಂಪಿನಲ್ಲಿ 34.9 ಜನ ತೀರಿಕೊಂಡಿದ್ದರು. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಈ ವ್ಯತ್ಯಾಸ ಕೂದಲೆಳೆಯಷ್ಟರಲ್ಲಿ ಮುಟ್ಟದೆ ಹೋಯಿತು, ಹಾಗಾಗಿ ಬೆರಳು ಗೆದ್ದಿತು ಎಂದು ಸಾರುವಂತಿಲ್ಲ. ಸೋಲಲಿಲ್ಲ ಎಂಬುದಂತೂ ಖಚಿತ. ಖರ್ಚಿಲ್ಲದ, ನೋವಿಲ್ಲದ, ತಾಲೂಕು ಆಸ್ಪತ್ರೆಯ ನರ್ಸ್ ಒಬ್ಬರು ಮಾಡಬಹುದಾದ ಅಳತೆ ಅಷ್ಟರ ಮಟ್ಟಿಗೆ ನಿಂತದ್ದು ನನಗೆ ದೊಡ್ಡ ಸಂತೋಷದ ಸಂಗತಿ.

ಹಾಗೆಂದು ಸ್ವಾನ್-ಗಾಂಜ್ ಕ್ಯಾತಿಟರ್ ಮ್ಯೂಸಿಯಂ ಸೇರಿಲ್ಲ. ದೊಡ್ಡ ಹೃದಯಾಘಾತದ ನಂತರ ಹೃದಯವೇ ಸೋತು ನಿಂತವರಲ್ಲಿ, ಶ್ವಾಸಕೋಶದ ಧಮನಿಯ ಒತ್ತಡ ವಿಪರೀತ ಏರಿದವರಲ್ಲಿ, ಹೃದಯ ಕಸಿ ಮಾಡಿಸಿಕೊಳ್ಳುವವರಲ್ಲಿ ಅದು ಇನ್ನೂ ಬೇಕಾಗುತ್ತದೆ. ಹೊರಗಿನಿಂದ ನೋಡಿ ಅರ್ಥವಾಗದೇ ಇದ್ದಾಗ ಒಳಗೆ ಹೋಗಲೇಬೇಕು. ಮೊದಲ ಹೆಜ್ಜೆಯೇ ಅದಾಗುವುದು ಬೇಡ ಎಂಬುದಷ್ಟೇ ನನ್ನ ಮಾತು.

ಎಕೋ ಬಳಕೆಗೆ ನಮ್ಮಲ್ಲಿ ಒಂದು ತೊಡಕಿದೆ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಸ್ಕ್ಯಾನಿಂಗ್ ಯಂತ್ರಗಳನ್ನೆಲ್ಲ ನೋಂದಾಯಿಸಬೇಕು, ಬೇಕಾದಲ್ಲಿಗೆ ಒಯ್ಯುವಂತಿಲ್ಲ. ಆ ಕಾಯ್ದೆ ಬೇಕೇ ಬೇಕು. ಅದನ್ನು ಸಡಿಲಿಸಿ ಎಂದು ನಾನು ಎಂದೂ ಹೇಳಲಾರೆ. ಆದರೆ ಐಸಿಯುಗಳಿಗೆ ಯಂತ್ರವನ್ನು ನೋಂದಾಯಿಸಿಕೊಡುವ ಕೆಲಸ ಕಡತದಲ್ಲಿ ಕೂರದೆ ಬೇಗ ಆಗಬೇಕು, ಎದೆಯ ಮೇಲೆ ಅದನ್ನು ಹಿಡಿಯಲು ಜಿಲ್ಲಾ ಆಸ್ಪತ್ರೆಗಳ ಯುವ ವೈದ್ಯರಿಗೆ ಕ್ರಮವಾಗಿ ತರಬೇತಿ ಸಿಗಬೇಕು. ಯಂತ್ರ ಕೊಳ್ಳುವುದಕ್ಕೆ ಹಣ ಸಿಗುತ್ತದೆ, ಕಲಿಸುವವರಿಗೆ ಸಮಯ ಸಿಗುವುದಿಲ್ಲ. 67 ಅಂಕದ ಆ ಪರೀಕ್ಷೆ ಎಕೋಗೂ ಬರಬಹುದು.

ಕೊನೆಗೆ, ಬಾಗಿಲಾಚೆ ಕಾಯುವ ಮನೆಯವರಿಗೆ ಒಂದು ಮಾತು. ನಿಮ್ಮ ತಂದೆಗೋ ಅಕ್ಕನಿಗೋ ದೊಡ್ಡ ನಳಿಕೆ ಹಾಕಬೇಕೆಂದು ಸಹಿ ಕೇಳಿದಾಗ ಹೆದರಿ ಬೇಡ ಎನ್ನಬೇಡಿ. ಔಷಧ ಕೊಡಲು ಅದು ಎಷ್ಟೋ ಸಲ ಅನಿವಾರ್ಯ. ಇದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ, ಆ ಉತ್ತರ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಎಕೋ ನೋಡಿದ್ದೀರಾ, ಎಂದು ಸಂಕೋಚವಿಲ್ಲದೆ ಕೇಳಿ. ನಿನ್ನೆಯಿಂದ ಎಷ್ಟು ಸಲೈನ್ ಹೋಗಿದೆ, ಮೂತ್ರ ಎಷ್ಟು ಬಂದಿದೆ ಎಂದೂ ಕೇಳಬಹುದು. ಪ್ರತಿ ಹಾಸಿಗೆಯ ಪಕ್ಕದ ಚಾರ್ಟಿನಲ್ಲಿ ಅದು ಗಂಟೆಗೊಮ್ಮೆ ಬರೆದಿರುತ್ತದೆ, ಹೇಳಲು ಯಾವ ವೈದ್ಯರಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾಗದು.